ಯುದ್ಧವಿಮಾನಗಳ ಶಸ್ತ್ರಾಸ್ತ್ರ ತಂತ್ರಜ್ಞರು

ಯುದ್ಧವಿಮಾನದ ಗನ್, ಬಾಂಬು, ರಾಕೆಟ್, ಕ್ಷಿಪಣಿಗಳನ್ನೂ ಅವನ್ನು ಹೊತ್ತು ಹಿಡಿದು ಸರಿಯಾದ ಗಳಿಗೆಯಲ್ಲಿ ಬಿಡುವ ಸಾಧನಗಳನ್ನೂ ಸಿದ್ಧಪಡಿಸುವ, ಪರೀಕ್ಷಿಸುವ, ರಿಪೇರಿ ಮಾಡುವ ಕುಶಲಕರ್ಮಿಗಳು. ಭಾರತೀಯ ವಾಯುಪಡೆಯಲ್ಲಿ ಈ ಕೆಲಸದ ಟ್ರೇಡಿಗೆ ‘ವೆಪನ್ ಫಿಟರ್’ ಎಂದು ಹೆಸರು. ಹಿಂದಿನ ತಲೆಮಾರಿನವರು ‘ಆರ್ಮರರ್’ ಎನ್ನುತ್ತಿದ್ದರು. 2022ರ ಅಕ್ಟೋಬರ್ 8ರಂದು ವಾಯುಪಡೆ ಪ್ರಕಟಿಸಿದ ‘ವೆಪನ್ ಸಿಸ್ಟಮ್ಸ್’ ಶಾಖೆ ಬೇರೆ. ಅದು ಕ್ಷಿಪಣಿ ಘಟಕ, ಚಾಲಕರಹಿತ ವಿಮಾನ, ಇಬ್ಬರು ಕೂರುವ ವಿಮಾನಗಳಲ್ಲಿ ಶಸ್ತ್ರ ಚಲಾಯಿಸುವ ಅಧಿಕಾರಿಗಳ ಶಾಖೆ. ಈ ಲೇಖನ ಶಸ್ತ್ರ ಚಲಾಯಿಸುವವರನ್ನು ಕುರಿತದ್ದಲ್ಲ, ಅದು ಚಲಿಸುವಂತೆ ಇಟ್ಟುಕೊಳ್ಳುವವರನ್ನು ಕುರಿತದ್ದು.

ಪೈಲಟ್‌ಗಳ ಬಗ್ಗೆ ಕನ್ನಡದಲ್ಲಿ ಒಂದಿಷ್ಟಾದರೂ ಬರಹ ಸಿಗುತ್ತದೆ, ನೆಲದ ಮೇಲೆ ನಿಂತು ವಿಮಾನವನ್ನು ಯುದ್ಧಕ್ಕೆ ಅಣಿಗೊಳಿಸುವವರ ಬಗ್ಗೆ ಬಲು ಕಡಿಮೆ. ದೇಶದ ಯುದ್ಧವಿಮಾನ ವಿನ್ಯಾಸ ಮತ್ತು ತಯಾರಿಕೆಯ ದೊಡ್ಡ ಪಾಲು ನಡೆಯುವುದು ಬೆಂಗಳೂರಿನಲ್ಲಿ. ಅಲ್ಲಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯ ಮೇಲೆಯೇ ಕೋಲಾರ, ಮುಳಬಾಗಿಲು ಇವೆ. ರೈಲು ಹಾದಿಯಲ್ಲಿ ಮಾಲೂರು, ಉತ್ತರಕ್ಕೆ ಶ್ರೀನಿವಾಸಪುರ. ಕೋಲಾರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ನೆಲೆಯಿಂದ ನೋಡಿದರೆ ಈ ವೃತ್ತಿ ದೂರದ ಗಡಿಯ ಸಂಗತಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದು ಕೋಲಾರದಲ್ಲೇ ನಡೆದದ್ದುಂಟು.

ಕೆಲಸದ ಹರವು

ವಿಮಾನದ ರೆಕ್ಕೆಯ ಕೆಳಗೆ ನೇರವಾಗಿ ಬಾಂಬು ಕಟ್ಟುವುದಿಲ್ಲ. ರೆಕ್ಕೆಗೆ ಮೊದಲು ‘ಪೈಲಾನ್’ ಎಂಬ ತೋಳು ಜೋಡಣೆಯಾಗುತ್ತದೆ, ಅದರೊಳಗೆ ಕೊಕ್ಕೆಗಳಿರುವ ರ‍್ಯಾಕ್, ರ‍್ಯಾಕಿಗೆ ಬಾಂಬು. ಹಲವು ಕ್ಷಿಪಣಿಗಳಿಗಾದರೆ ರ‍್ಯಾಕಿನ ಬದಲು ಹಳಿಯಂತಹ ಲಾಂಚರ್. ಸುಖೋಯ್-30ರಲ್ಲಿ ಹೀಗೆ ಶಸ್ತ್ರ ಹೊರುವ 12 ತಾಣಗಳಿವೆ, ಒಟ್ಟು ಸುಮಾರು 8 ಟನ್ ಭಾರ ಹೊರಬಲ್ಲದು. ತೇಜಸ್‌ನಲ್ಲಿ ಎಂಟು ತಾಣಗಳು. ಜಾಗ್ವಾರ್‌ನಲ್ಲಿ ಆತ್ಮರಕ್ಷಣೆಯ ಕ್ಷಿಪಣಿಗಳು ರೆಕ್ಕೆಯ ಮೇಲೆಯೇ ಕೂರುತ್ತವೆ. ಅವನ್ನು ಕೂರಿಸುವವರು ಬಾಂಬಿನ ಕೆಲಸದಂತೆ ರೆಕ್ಕೆಯಡಿ ಬಗ್ಗುವ ಬದಲು ರೆಕ್ಕೆಯ ಮಟ್ಟಕ್ಕೆ ಏರಬೇಕು.

ಪ್ರತಿ ತಾಣಕ್ಕೂ ಕಾಕ್‌ಪಿಟ್‌ನಿಂದ ತಂತಿಗಳು ಬರುತ್ತವೆ. ಯಾವ ತಾಣದಲ್ಲಿ ಏನಿದೆ, ಯಾವುದನ್ನು ಮೊದಲು ಬಿಡಬೇಕು, ಒಂದು ಕಡೆಯದನ್ನು ಬಿಟ್ಟರೆ ವಿಮಾನದ ತೂಕ ಎತ್ತ ವಾಲುತ್ತದೆ ಎಂಬ ಲೆಕ್ಕವನ್ನೆಲ್ಲ ಒಂದು ಕಂಪ್ಯೂಟರ್ ಇಡುತ್ತದೆ. ಹಳೆಯ ವಿಮಾನಗಳಲ್ಲಿ ಈ ಕೆಲಸ ರಿಲೇ, ಸ್ವಿಚ್‌ಗಳದ್ದಾಗಿತ್ತು. ಈಗ ಡಿಜಿಟಲ್ ಡೇಟಾ ಬಸ್ ಮೂಲಕ ವಿಮಾನವೂ ಕ್ಷಿಪಣಿಯೂ ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತವೆ. ಹಾಗಾಗಿ ಇಂದಿನ ತಂತ್ರಜ್ಞನ ಕೈಯಲ್ಲಿ ಸ್ಪ್ಯಾನರ್ ಎಷ್ಟು ಹೊತ್ತು ಇರುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಪರೀಕ್ಷಾ ಉಪಕರಣವೂ ಇರುತ್ತದೆ. ‘ಕ್ಷಿಪಣಿ ಕಾಣಿಸುತ್ತಿಲ್ಲ’ ಎಂದು ಪೈಲಟ್ ಬರೆದ ದೂರಿನ ಹಿಂದೆ ಎಷ್ಟೋ ಸಲ ಇರುವುದು ಕ್ಷಿಪಣಿಯ ದೋಷವಲ್ಲ, ಕನೆಕ್ಟರ್‌ನಲ್ಲಿ ಬಾಗಿದ ಒಂದು ಪಿನ್ ಅಥವಾ ತೇವ ಹಿಡಿದ ಒಂದು ಜೋಡಣೆ. ವಾಯುಪಡೆಯ ಮಾತಿನಲ್ಲಿ ಇಂತಹ ದೋಷಕ್ಕೆ ‘ಸ್ನ್ಯಾಗ್’ ಎನ್ನುತ್ತಾರೆ. ಸ್ನ್ಯಾಗ್ ಹುಡುಕುವುದು ಕಲಿಸಿ ಬರುವ ವಿದ್ಯೆಯಲ್ಲ, ಕೈ ಪಳಗಬೇಕು.

ಗನ್ನಿನದು ಬೇರೆಯೇ ಲೋಕ. ಮಿಗ್-21ರಲ್ಲಿದ್ದ, ಈಗ ತೇಜಸ್‌ನಲ್ಲಿರುವ ಜಿಎಸ್‌ಎಚ್-23 ಎರಡು ನಳಿಗೆಗಳ ಗನ್. ಒಂದು ನಳಿಗೆ ಹಾರಿಸಿದ ಬಲದಿಂದಲೇ ಇನ್ನೊಂದಕ್ಕೆ ಗುಂಡು ತುಂಬಿಕೊಳ್ಳುತ್ತದೆ. ನಿಮಿಷಕ್ಕೆ 3000ಕ್ಕೂ ಹೆಚ್ಚು ಗುಂಡು ಹಾರಿಸುವ ವೇಗ ಅದರದು. ತೇಜಸ್ ಹೊರುವ 220 ಗುಂಡುಗಳು ಸುಮಾರು ನಾಲ್ಕು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಸುಖೋಯ್‌ ಮತ್ತು ಮಿಗ್-29ರಲ್ಲಿ 30 ಮಿ.ಮೀ. ಗನ್ನಿಗೆ 150 ಗುಂಡು. ಜಾಗ್ವಾರ್‌ನಲ್ಲಿ ಎರಡು ಏಡನ್ ಗನ್‌ಗಳು. ಬೀದರ್‌ನಲ್ಲಿ ಹೊಸ ಪೈಲಟ್‌ಗಳು ಕಲಿಯುವ ಹಾಕ್ ವಿಮಾನದ ಹೊಟ್ಟೆಯಡಿ ಏಡನ್ ಗನ್ನನ್ನೇ ಒಂದು ಪೆಟ್ಟಿಗೆಯಲ್ಲಿಟ್ಟು ಕಟ್ಟಬಹುದು. ಗುಂಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಾಲೆ ಮಾಡಿ ಗನ್ನಿಗೆ ಉಣಿಸುತ್ತಾರೆ. ಮಾಲೆಯ ಒಂದು ಕೊಂಡಿ ಅರ್ಧ ಮಿಲಿಮೀಟರ್ ಸೊಟ್ಟಗಿದ್ದರೂ ಗನ್ ಆಕಾಶದಲ್ಲಿ ಕಚ್ಚಿಕೊಂಡು ನಿಲ್ಲಬಹುದು. ನಿಂತರೆ ಅಲ್ಲಿ ಇಳಿದು ಸರಿಪಡಿಸುವವರಿಲ್ಲ. ಆದ್ದರಿಂದ ಮಾಲೆಯನ್ನು ಕೈಯಲ್ಲೇ ಹರಿಯಬಿಟ್ಟು ಪ್ರತಿ ಗುಂಡನ್ನೂ ಕಣ್ಣಿನಿಂದ ನೋಡುವ ಪದ್ಧತಿ ಈಗಲೂ ಹೋಗಿಲ್ಲ. ಗನ್ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಅದರ ಗುರಿಯನ್ನು ಪೈಲಟ್‌ನ ಮುಂದಿನ ಗುರಿಗಾಜಿನೊಂದಿಗೆ ಹೊಂದಿಸಬೇಕು. ವಿಮಾನವನ್ನು ಜ್ಯಾಕ್‌ಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ, ಮುಂದೆ ಅಳತೆಯ ದೂರದಲ್ಲಿ ಗುರಿಹಲಗೆ ನೆಟ್ಟು, ನಳಿಗೆಯೊಳಗಿನಿಂದ ದುರ್ಬೀನು ಹಾಕಿ ನೋಡುವ ಕೆಲಸ ಅದು.

ಕ್ಷಿಪಣಿಗಳಲ್ಲಿ ವಾಯುನೆಲೆಯ ಮಟ್ಟದಲ್ಲಿ ಒಳಗಿನ ರಿಪೇರಿ ಕಡಿಮೆ. ಪೆಟ್ಟಿಗೆಯ ತೇವಸೂಚಕ ನೋಡುವುದು, ಪರೀಕ್ಷಾ ಯಂತ್ರಕ್ಕೆ ಜೋಡಿಸಿ ಉತ್ತರ ಪಡೆಯುವುದು, ರೆಕ್ಕೆ ಬಾಲಗಳನ್ನು ಕೂರಿಸುವುದು, ಎಷ್ಟು ಗಂಟೆ ವಿಮಾನಕ್ಕೆ ತಗುಲಿಸಿ ಹಾರಾಡಿದೆ ಎಂಬ ಲೆಕ್ಕ ಬರೆಯುವುದು. ಹಾರಿಸದೇ ಹೊತ್ತು ತಿರುಗಿದರೂ ಕ್ಷಿಪಣಿಯ ಆಯುಸ್ಸು ಸವೆಯುತ್ತದೆ. ದೋಷ ಕಂಡರೆ ಅದನ್ನು ಡಿಪೋಗೆ ಕಳಿಸಬೇಕು. ಶತ್ರು ಕ್ಷಿಪಣಿಯನ್ನು ದಾರಿತಪ್ಪಿಸುವ ಫ್ಲೇರ್, ಚಾಫ್ ಕಾರ್ಟ್ರಿಜ್‌ಗಳನ್ನು ತುಂಬುವುದೂ ಈ ಕೆಲಸಕ್ಕೇ ಸೇರಿದ್ದು. ಪೈಲಟ್‌ನನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟಿನ ಕಾರ್ಟ್ರಿಜ್‌ಗಳೂ ಸ್ಫೋಟಕಗಳೇ. ಬ್ರಿಟನ್ನಿನ ವಾಯುಪಡೆಯಲ್ಲಿ ಅವೂ ಆರ್ಮರರ್‌ಗಳ ಹೊಣೆ.

ಭಾರತದ ತಂತ್ರಜ್ಞನಿಗೆ ಬೇರೆ ಹಲವು ದೇಶಗಳವರಿಗಿಲ್ಲದ ಒಂದು ತೊಡಕಿದೆ. ಒಂದೇ ವಾಯುಪಡೆಯಲ್ಲಿ ರಷ್ಯದ, ಫ್ರಾನ್ಸಿನ, ಬ್ರಿಟನ್ನಿನ ವಿಮಾನಗಳಿವೆ, ಇಸ್ರೇಲಿನ ಕ್ಷಿಪಣಿಗಳಿವೆ, ನಮ್ಮವೇ ಆದ ಅಸ್ತ್ರ ಕ್ಷಿಪಣಿಯೂ ತೇಜಸ್ ವಿಮಾನವೂ ಇವೆ. ಬಾಂಬಿನ ಬೆನ್ನ ಮೇಲಿನ ಎರಡು ಕೊಂಡಿಗಳ ನಡುವಿನ ಅಂತರ ಪಶ್ಚಿಮದ ದೇಶಗಳ ಮಧ್ಯಮ ತೂಕದ ಬಾಂಬುಗಳಲ್ಲಿ 14 ಅಂಗುಲ. ರಷ್ಯದ ಪದ್ಧತಿ ಬೇರೆ. ಕನೆಕ್ಟರ್ ಬೇರೆ, ಬಿಗಿ ಅಳೆಯುವ ಮಾನ ಬೇರೆ, ಕೈಪಿಡಿಯ ಭಾಷೆ ಬೇರೆ. ಒಂದು ಸ್ಕ್ವಾಡ್ರನ್ನಿನಿಂದ ಇನ್ನೊಂದಕ್ಕೆ ವರ್ಗವಾದವನು ಹೊಸ ವಿಮಾನದ ಕೋರ್ಸ್ ಮುಗಿಸದೆ ಅದಕ್ಕೆ ಕೈ ಹಚ್ಚುವಂತಿಲ್ಲ.

ಒಂದು ರ‍್ಯಾಕಿನ ಒಳಗೆ

ಈ ವೃತ್ತಿಯ ನಿತ್ಯದ ಕೆಲಸ ಎಂಥದ್ದೆಂದು ತಿಳಿಯಲು ಬಾಂಬಿನ ಎಜೆಕ್ಟರ್ ರ‍್ಯಾಕನ್ನು ಹತ್ತಿರದಿಂದ ನೋಡಬೇಕು. ವೇಗವಾಗಿ ಹಾರುವ ವಿಮಾನದಿಂದ ಬಾಂಬನ್ನು ಸುಮ್ಮನೆ ಕಳಚಿದರೆ ಅದು ಕೆಳಕ್ಕೆ ಬೀಳುವ ಬದಲು ಗಾಳಿಯ ಹೊಡೆತಕ್ಕೆ ವಿಮಾನಕ್ಕೇ ತಗುಲಬಹುದು. ಅದಕ್ಕಾಗಿ ಅದನ್ನು ಬಲವಾಗಿ ಕೆಳಕ್ಕೆ ತಳ್ಳಬೇಕು. ರ‍್ಯಾಕಿನಲ್ಲಿ ಬೆರಳಿನಷ್ಟು ದಪ್ಪದ ಕಾರ್ಟ್ರಿಜ್‌ಗಳಿರುತ್ತವೆ. ಪೈಲಟ್ ಗುಂಡಿ ಒತ್ತಿದಾಗ ವಿದ್ಯುತ್ ಹರಿದು ಅವು ಸಿಡಿಯುತ್ತವೆ. ಹುಟ್ಟಿದ ಅನಿಲ ಮೊದಲು ಕೊಕ್ಕೆಗಳನ್ನು ತೆರೆಯುತ್ತದೆ, ಆಮೇಲೆ ಪಿಸ್ಟನ್‌ಗಳನ್ನು ನೂಕಿ ಬಾಂಬನ್ನು ದೂರ ತಳ್ಳುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಪೈಲಟ್‌ನ ಪಾಲಿಗೆ ಕೆಲಸ ಅಲ್ಲಿಗೆ ಮುಗಿಯಿತು. ತಂತ್ರಜ್ಞನ ಪಾಲಿಗೆ ಆಗ ಶುರು. ಸಿಡಿದ ಕಾರ್ಟ್ರಿಜ್ ಬಿಟ್ಟುಹೋದ ಮಸಿ ಕಪ್ಪಗೆ, ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ತೇವಕ್ಕೆ ಲೋಹವನ್ನು ತಿನ್ನುತ್ತದೆ. ರ‍್ಯಾಕನ್ನು ಇಳಿಸಿ ಮೇಜಿನ ಮೇಲೆ ಬಿಚ್ಚಿ, ಕಾರ್ಟ್ರಿಜ್ ಕೂರುವ ಗೂಡನ್ನು ದ್ರಾವಣದಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಅನಿಲದ ಸಣ್ಣ ದಾರಿಗಳಲ್ಲಿ ಏನೂ ಉಳಿದಿಲ್ಲವೆಂದು ಬೆಳಕು ಬಿಟ್ಟು ನೋಡಬೇಕು. ಪಿಸ್ಟನ್ನಿನ ರಬ್ಬರ್ ಉಂಗುರಗಳನ್ನು ಬದಲಿಸಬೇಕು. ಕೊಕ್ಕೆಗಳ ಸವೆತವನ್ನು ಗೇಜ್ ಹಾಕಿ ಅಳೆಯಬೇಕು, ಬರಿಗಣ್ಣಿನ ಅಂದಾಜು ಸಾಲದು. ಮತ್ತೆ ಜೋಡಿಸಿ, ಬೆಂಚಿನ ಮೇಲೆ ಭಾರ ತಗುಲಿಸಿ, ಬೀಗ ಬೀಳುತ್ತದೆಯೇ ತೆರೆಯುತ್ತದೆಯೇ ಎಂದು ಪರೀಕ್ಷಿಸಿ, ಪ್ರತಿ ಹಂತಕ್ಕೂ ಸಹಿ ಹಾಕಬೇಕು. ಇಷ್ಟೂ ಆದಮೇಲೆ ನೋಡಿದರೆ ರ‍್ಯಾಕು ಮೊದಲು ಹೇಗಿತ್ತೋ ಹಾಗೇ ಕಾಣುತ್ತದೆ. ಮೆಚ್ಚುಗೆ ಪಡೆಯಲು ತೋರಿಸುವಂಥದ್ದೇನೂ ಇರುವುದಿಲ್ಲ. ಆದರೆ ಈ ಕೆಲಸ ಸರಿಯಾಗಿ ಆಗಿರದಿದ್ದರೆ ಬಾಂಬು ಅರ್ಧ ಕಳಚಿ ನೇತಾಡುತ್ತದೆ, ಆ ಸ್ಥಿತಿಯಲ್ಲಿ ಪೈಲಟ್ ಇಳಿಯಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ನಿಜವಾದ ಸಾಮರ್ಥ್ಯ ಇರುವುದು ಕ್ಷಿಪಣಿಯ ಮುಂದೆ ನಿಂತ ಫೋಟೋದಲ್ಲಲ್ಲ, ಈ ಬೆಂಚಿನ ಮೇಲೆ.

ಬಾಂಬಿನ ಫ್ಯೂಜ್‌ನ ಏರ್ಪಾಡೂ ತಿಳಿಯಬೇಕಾದದ್ದು. ಹಳೆಯ ಬಗೆಯ ಫ್ಯೂಜ್‌ನ ಮೂತಿಯಲ್ಲಿ ಒಂದು ಪುಟ್ಟ ಗಾಳಿಚಕ್ರವಿರುತ್ತದೆ. ಅದು ತಿರುಗದಂತೆ ಒಂದು ತಂತಿ ತಡೆದಿರುತ್ತದೆ. ತಂತಿಯ ಇನ್ನೊಂದು ತುದಿ ರ‍್ಯಾಕಿಗೆ ಕಟ್ಟಿದೆ. ಬಾಂಬು ಬಿದ್ದಾಗ ತಂತಿ ಕಳಚಿ ವಿಮಾನದಲ್ಲೇ ಉಳಿಯುತ್ತದೆ, ಚಕ್ರ ಗಾಳಿಗೆ ತಿರುಗತೊಡಗುತ್ತದೆ, ಗೊತ್ತಾದಷ್ಟು ಸುತ್ತು ಸುತ್ತಿದ ಮೇಲೆಯೇ ಫ್ಯೂಜ್ ಸಿಡಿಯಲು ಅಣಿಯಾಗುತ್ತದೆ. ಅಷ್ಟರಲ್ಲಿ ವಿಮಾನ ದೂರ ಹೋಗಿರುತ್ತದೆ. ಆ ತಂತಿಯನ್ನು ಎಷ್ಟು ಉದ್ದ ಬಿಡಬೇಕು, ಎಲ್ಲಿ ಬಾಗಿಸಬಾರದು, ಎಷ್ಟು ಕ್ಲಿಪ್ ಹಾಕಬೇಕು ಎನ್ನುವುದೆಲ್ಲ ಕೈಪಿಡಿಯಲ್ಲಿ ಬರೆದಿದೆ. ತಪ್ಪಾಗಿ ಹಾಕಿದರೆ ಬಾಂಬು ಸಿಡಿಯದೆ ಮಣ್ಣಲ್ಲಿ ಹೂತು ಉಳಿಯಬಹುದು, ಇಲ್ಲವೇ ಸಿಡಿಯಬಾರದ ಹೊತ್ತಿಗೆ ಸಿಡಿಯಬಹುದು.

ಶಿಸ್ತು

ಶಸ್ತ್ರ ತುಂಬುವಾಗ ಒಬ್ಬ ಪಟ್ಟಿ ನೋಡಿ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಮಾಡುತ್ತಾನೆ, ಮೇಲ್ವಿಚಾರಕ ನೋಡಿ ಒಪ್ಪುತ್ತಾನೆ. ಹತ್ತು ವರ್ಷ ಅದನ್ನೇ ಮಾಡಿದವನೂ ನೆನಪಿನಿಂದ ಮಾಡುವಂತಿಲ್ಲ. ವಿಮಾನಕ್ಕೂ ಟ್ರಾಲಿಗೂ ಮೊದಲು ಅರ್ಥಿಂಗ್ ತಂತಿ ಬೀಳಬೇಕು. ಕಾರ್ಟ್ರಿಜ್ ಜೋಡಿಸುವ ಮುನ್ನ ಆ ತುದಿಯಲ್ಲಿ ಬೇಡದ ವಿದ್ಯುತ್ ಇಲ್ಲವೆಂದು ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಬೇಕು. ರೇಡಿಯೋ, ರಾಡಾರ್ ಅಲೆಗಳಿಂದಲೂ ತಂತಿಯಲ್ಲಿ ವಿದ್ಯುತ್ ಹುಟ್ಟಬಹುದಾದ್ದರಿಂದ ಅವುಗಳ ಬಳಕೆಗೂ ಮಿತಿಯಿದೆ. ಕೆಂಪು ಪಟ್ಟಿ ಕಟ್ಟಿದ ಸೇಫ್ಟಿ ಪಿನ್‌ಗಳು ವಿಮಾನ ರನ್‌ವೇ ತುದಿಗೆ ಹೋಗುವವರೆಗೂ ಇರಬೇಕು. ಕೊನೆಗೆ ತೆಗೆದ ಪಿನ್‌ಗಳನ್ನು ಎತ್ತಿ ಹಿಡಿದು ಪೈಲಟ್‌ಗೆ ಎಣಿಸಿ ತೋರಿಸುವುದು ವಾಡಿಕೆ.

ಇಷ್ಟು ನಿಷ್ಠುರವೇಕೆ ಎಂಬುದಕ್ಕೆ 1967ರ ಜುಲೈ 29ರ ಘಟನೆ ಸಾಕು. ವಿಯೆಟ್ನಾಂ ಕರಾವಳಿಯಾಚೆ ಅಮೆರಿಕದ ‘ಫಾರೆಸ್ಟಲ್’ ವಿಮಾನವಾಹಕ ನೌಕೆಯ ಮೇಲೆ ದಾಳಿಗೆ ಹೊರಡಲು ವಿಮಾನಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ಫ್ಯಾಂಟಮ್ ವಿಮಾನ ಹೊರಗಿನ ವಿದ್ಯುತ್ತಿನಿಂದ ತನ್ನದೇ ವಿದ್ಯುತ್ತಿಗೆ ಬದಲಾಗುವಾಗ ಉಂಟಾದ ಏರಿಳಿತಕ್ಕೆ ಅದರ ಜುನಿ ರಾಕೆಟ್ ಒಂದು ಹಾರಿತು. ಎದುರಿಗಿದ್ದ ವಿಮಾನದ ಇಂಧನ ಟ್ಯಾಂಕಿಗೆ ಬಡಿದು ಬೆಂಕಿ ಹತ್ತಿ, ಡೆಕ್ಕಿನ ಮೇಲಿದ್ದ ಬಾಂಬುಗಳು ಒಂದೊಂದಾಗಿ ಸಿಡಿದವು. 134 ಮಂದಿ ಸತ್ತರು. ರಾಕೆಟ್ಟಿನ ವಿದ್ಯುತ್ ಜೋಡಣೆಯನ್ನು ವಿಮಾನ ಹಾರುವ ಜಾಗಕ್ಕೆ ಬಂದ ಮೇಲೆ ಮಾತ್ರ ಮಾಡಬೇಕೆಂಬುದು ಮೂಲ ನಿಯಮ. ಹೊತ್ತು ಉಳಿಸಲೆಂದು ನಿಂತ ಜಾಗದಲ್ಲೇ ಜೋಡಿಸುವ ರೂಢಿ ಬಂದಿತ್ತು. ಉಳಿದ ತಡೆಯೆಂದರೆ ಸೇಫ್ಟಿ ಪಿನ್ ಒಂದೇ, ಅದೂ ಅಂದು ತನ್ನ ಜಾಗದಲ್ಲಿ ಇರಲಿಲ್ಲ. ಎರಡು ತಡೆಗಳಲ್ಲಿ ಒಂದನ್ನು ಸಡಿಲಿಸಿದವರು ಇನ್ನೊಂದಿದೆಯಲ್ಲ ಎಂದುಕೊಂಡಿದ್ದರು. ಜಗತ್ತಿನ ಎಲ್ಲೆಡೆ ಈ ವೃತ್ತಿ ಕಲಿಯುವವರಿಗೆ ಈ ಅನಾಹುತ ಪಾಠವಾಗಿ ಬರಲೇಬೇಕು.

ಸಿಡಿಯದ ಮದ್ದಿನ ಭಯ ಕೋಲಾರ ಸೀಮೆಗೆ ಹೊಸದಲ್ಲ. 2001ರ ಫೆಬ್ರುವರಿಯಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯಲ್ಲಿ ತಲೆಮಾರುಗಳ ಕಾಲ ಬಂಡೆ ಒಡೆದದ್ದು ಸಿಡಿಮದ್ದಿನಿಂದಲೇ. ಹಾರದ ಮದ್ದಿನ ಬಳಿ ಕೂಡಲೇ ಹೋಗಬಾರದು, ಗೊತ್ತಾದಷ್ಟು ಹೊತ್ತು ಕಾಯಬೇಕು ಎಂಬ ಗಣಿಯ ನಿಯಮವೇ ಹಾರದ ರಾಕೆಟ್ಟಿಗೂ ಅನ್ವಯ.

ಚರಿತ್ರೆ: ಹವಾಯಿ ಸಿಪಾಯಿಗಳಿಂದ ಕೋಲಾರದ ಮಸ್ಕಿಟೋವರೆಗೆ

ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಹುಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳ ಮೊದಲ ಘಟಕ. ನೆಲದ ಕೆಲಸಕ್ಕೆ ಸೇರಿದ ಭಾರತೀಯರಿಗೆ ‘ಹವಾಯಿ ಸಿಪಾಯಿ’ ಎಂದು ಹೆಸರು. ಅವರ ಕೈಚಳಕ ಲೋಕಕ್ಕೆ ಗೊತ್ತಾದದ್ದು 1942ರ ಫೆಬ್ರುವರಿಯಲ್ಲಿ, ಬರ್ಮಾದ ಟೌಂಗುವಿನಲ್ಲಿ. ಕೆ.ಕೆ. ಮಜುಂದಾರ್ ನೇತೃತ್ವದ 1ನೇ ಸ್ಕ್ವಾಡ್ರನ್ನಿನ ಲೈಸ್ಯಾಂಡರ್‌ಗಳು ಸೇನೆಗಾಗಿ ಬೇಹು ನೋಡಲು ಮಾಡಿದ ವಿಮಾನಗಳು. ಅವಕ್ಕೆ 250 ಪೌಂಡಿನ ಬಾಂಬುಗಳನ್ನು ಹೊರುವ ಏರ್ಪಾಡನ್ನು ನೆಲದ ಸಿಬ್ಬಂದಿ ಅಲ್ಲೇ ಹೊಂದಿಸಿಕೊಟ್ಟರು. ಆ ಬಾಂಬುಗಳನ್ನು ಹೊತ್ತು ಮಜುಂದಾರ್ ಥಾಯ್ಲೆಂಡಿನ ಜಪಾನಿ ವಾಯುನೆಲೆಯ ಮೇಲೆ ದಾಳಿ ಮಾಡಿದರು.

ಅದೇ ಯುದ್ಧ ಕೋಲಾರದವರೆಗೂ ಬಂತು. ಬರ್ಮಾ ರಂಗಕ್ಕೆ ಹಿನ್ನೆಲೆಯಾಗಿ ಬೆಂಗಳೂರಿನ ಸುತ್ತ ವಾಯುನೆಲೆಗಳೆದ್ದವು. ಯಲಹಂಕದಲ್ಲಿ ಮಸ್ಕಿಟೋ ವಿಮಾನದ ತರಬೇತಿ ಘಟಕ ಬಂತು. 1944ರಲ್ಲಿ ಬ್ರಿಟಿಷ್ ವಾಯುಪಡೆಯ 82ನೇ ಸ್ಕ್ವಾಡ್ರನ್ ವೆಂಜನ್ಸ್ ಡೈವ್ ಬಾಂಬರ್‌ಗಳನ್ನು ಬಿಟ್ಟು ಮಸ್ಕಿಟೋಗೆ ಬದಲಾಗಲು ಬಂದು ನೆಲೆಸಿದ್ದು ಕೋಲಾರದ ವಾಯುನೆಲೆಯಲ್ಲಿ. ಮಸ್ಕಿಟೋ ಮರದ ವಿಮಾನ: ಬಾಲ್ಸಾ ಮರದ ಎರಡೂ ಬದಿಗೆ ಪ್ಲೈವುಡ್ ಅಂಟಿಸಿ ಮಾಡಿದ ಒಡಲು. ಅದರ ಆರನೆಯ ಮಾದರಿಯ ಮೂತಿಯಲ್ಲಿ ನಾಲ್ಕು ಮಷಿನ್ ಗನ್, ಹೊಟ್ಟೆಯಲ್ಲಿ ನಾಲ್ಕು 20 ಮಿ.ಮೀ. ಹಿಸ್ಪಾನೋ ಫಿರಂಗಿ, ಹಿಂದಿನ ಗೂಡಿನಲ್ಲೂ ರೆಕ್ಕೆಯಡಿಯಲ್ಲೂ ಬಾಂಬು. ವಿಮಾನ ಬದಲಾದರೆ ಪೈಲಟ್‌ನಷ್ಟೇ ಆರ್ಮರರ್‌ಗಳೂ ಮೊದಲಿನಿಂದ ಕಲಿಯಬೇಕು. ಎಂಟು ಗನ್‌ಗಳ ಆಹಾರ, ಗುರಿ, ಗೂಡಿನ ಬಾಗಿಲು ಎಲ್ಲವೂ ಹೊಸತು. ಆ ವರ್ಷದ ಕೊನೆಯಲ್ಲಿ ಭಾರತದಲ್ಲಿ ಮಸ್ಕಿಟೋಗಳ ರೆಕ್ಕೆ ಆಕಾಶದಲ್ಲೇ ಕಳಚಿದ ಅಪಘಾತಗಳಾಗಿ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಅಂಟು, ಜೋಡಣೆ, ಇಲ್ಲಿನ ಬಿಸಿಲು ಮಳೆ ಎಲ್ಲದರ ಮೇಲೂ ತನಿಖೆ ನಡೆಯಿತು. ಕೋಲಾರದ ಇತಿಹಾಸ ಬರೆಯುವವರು ಗಂಗರು, ಚೋಳರು, ಸೋಮೇಶ್ವರ ದೇವಾಲಯ, ಚಿನ್ನದ ಗಣಿ ಎಂದು ಎಣಿಸಿ ನಿಲ್ಲಿಸುತ್ತಾರೆ. ಈ ವಾಯುನೆಲೆಯ ಪುಟವೂ ಅದರಲ್ಲಿ ಸೇರಬೇಕು, ಅಂದು ಕಂಡುಂಡವರ ಮನೆಮಾತುಗಳು ಮರೆಯಾಗುವ ಮುನ್ನ.

ಬೆಂಗಳೂರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಕಟ್ಟಿದ, ಮುಂದೆ ಎಚ್‌ಎಎಲ್ ಆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ಸೇನಾ ವಾಯುಪಡೆಯ ರಿಪೇರಿ ಡಿಪೋ ಆಗಿ ದುಡಿಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡವಿ ಬಿಟ್ಟಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿಗೆ ತಂದು ಈ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದರು. 1948ರ ನವೆಂಬರ್‌ನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಎದ್ದಿತು. ಹೊಸದನ್ನು ಮಾಡುವುದಕ್ಕಿಂತ ಕೆಟ್ಟದ್ದನ್ನು ಎತ್ತಿ ನಿಲ್ಲಿಸುವ ಈ ವಿದ್ಯೆಯೇ ಬೆಂಗಳೂರಿನ ವಿಮಾನೋದ್ಯಮದ ತಾಯಿಬೇರು.

ಮುಂದೆ ಇಲ್ಲಿ ತಯಾರಾದ ನ್ಯಾಟ್ ಪುಟ್ಟ ವಿಮಾನ, ಎರಡು ಏಡನ್ ಗನ್‌ಗಳು ಅದರ ಬಲ. 1965ರ ಯುದ್ಧದಲ್ಲಿ ಅದು ಹೆಸರು ಮಾಡಿತು, ಜೊತೆಗೆ ಗನ್ ಕಚ್ಚಿಕೊಳ್ಳುವ ಕಾಟಕ್ಕೂ ಹೆಸರಾಯಿತು. ಶತ್ರು ಎದುರಿಗಿದ್ದಾಗ ಗನ್ ನಿಂತ ಅನುಭವ ಪೈಲಟ್‌ಗಳಿಗೆ ಆಗಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿ 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೇರಿದ ಎಚ್‌ಎಫ್-24 ಮರುತ್‌ನಲ್ಲಿ ನಾಲ್ಕು ಏಡನ್ ಗನ್‌ಗಳು, ಹೊಟ್ಟೆಯಲ್ಲಿ ರಾಕೆಟ್ ಪೆಟ್ಟಿಗೆ. ನಾಲ್ಕನ್ನೂ ಒಟ್ಟಿಗೆ ಹಾರಿಸಿದಾಗ ಹುಟ್ಟುತ್ತಿದ್ದ ಕಂಪನ ವಿಮಾನಕ್ಕೆ ತೊಡಕಾಗಿತ್ತು. 1971ರಲ್ಲಿ ರಾಜಸ್ಥಾನದ ಮರಳಿನಲ್ಲಿ ಮರುತ್ ದುಡಿಯಿತು. ಮರಳು ಗನ್ನಿನ ಪರಮ ವೈರಿ. ಆ ಮರುತ್ ಇಂದು ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ವಸ್ತುಸಂಗ್ರಹಾಲಯದಲ್ಲಿದೆ. ಮಾಲೂರು ಕೋಲಾರದ ಶಾಲೆಗಳು ಪ್ರವಾಸ ಬಂದಾಗ ಮೂತಿಯ ಪಕ್ಕದ ಗನ್ ಕಿಂಡಿಗಳನ್ನು ಮಕ್ಕಳಿಗೆ ತೋರಿಸಬೇಕು.

1999ರ ಕಾರ್ಗಿಲ್ ಯುದ್ಧದಲ್ಲಿ ಕೆಲಸ ಇನ್ನೊಂದು ಮಜಲಿಗೆ ಹೋಯಿತು. ಮಿರಾಜ್-2000ಕ್ಕೆ ಲೈಟನಿಂಗ್ ಗುರಿಸಾಧನವನ್ನೂ ಲೇಸರ್ ಬಾಂಬುಗಳನ್ನೂ ಹೊಂದಿಸುವ ಕೆಲಸ ಅವಸರದಲ್ಲಿ ಮುಗಿಯಿತು. ಜೂನ್ 24ರಂದು ಟೈಗರ್ ಹಿಲ್ ಮೇಲೆ ಅವು ಬಿದ್ದವು. 2017ರ ನವೆಂಬರ್ 22ರಂದು ಸುಖೋಯ್-30 ಮೊದಲ ಬಾರಿ ಬ್ರಹ್ಮೋಸ್ ಹಾರಿಸಿತು. ಎರಡೂವರೆ ಟನ್ನಿನ ಆ ಕ್ಷಿಪಣಿಯನ್ನು ವಿಮಾನದ ಹೊಟ್ಟೆಯಡಿ ನಿಖರವಾಗಿ ಎತ್ತಿ ಕೂರಿಸುವುದೇ ಒಂದು ದೊಡ್ಡ ಕೆಲಸ.

ಎಲ್ಲೆಲ್ಲಿ ನಡೆಯುತ್ತದೆ

ಮೊದಲ ಮಟ್ಟದ ಕೆಲಸ ಸ್ಕ್ವಾಡ್ರನ್ನಿನಲ್ಲೇ: ಹಾರುವ ಮುನ್ನ, ಎರಡು ಹಾರಾಟಗಳ ನಡುವೆ, ದಿನದ ಕೊನೆಗೆ ನಡೆಯುವ ತಪಾಸಣೆಗಳು. ಎಲ್ಲವೂ ‘ಎಫ್-700’ ಎಂಬ ವಿಮಾನದ ದಾಖಲೆಪುಸ್ತಕಕ್ಕೆ ಏರುತ್ತವೆ, ಅದಕ್ಕೆ ಸಹಿ ಮಾಡದೆ ಪೈಲಟ್ ವಿಮಾನ ಹತ್ತುವುದಿಲ್ಲ. ಎರಡನೆಯ ಮಟ್ಟ ವಾಯುನೆಲೆಯ ಕಾರ್ಯಾಗಾರ. ಮೂರನೆಯದು ನಾಗಪುರದ ನಿರ್ವಹಣಾ ಕಮಾಂಡಿನ ಕೆಳಗಿರುವ ಬೇಸ್ ರಿಪೇರಿ ಡಿಪೋಗಳು ಮತ್ತು ಎಚ್‌ಎಎಲ್. ನಾಸಿಕ್ ಬಳಿಯ ಓಝರ್‌ನ 11ನೇ ಡಿಪೋ ಸುಖೋಯ್, ಮಿಗ್-29ಗಳನ್ನು ಪೂರ್ತಿ ಬಿಚ್ಚಿ ಕಟ್ಟುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸದ ಇನ್ನೊಂದು ಮುಖವಿದೆ, ಹೊಸ ಶಸ್ತ್ರವನ್ನು ವಿಮಾನಕ್ಕೆ ಒಗ್ಗಿಸುವುದು. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ, ಎಚ್‌ಎಎಲ್, ಡಿಆರ್‌ಡಿಒ ಪ್ರಯೋಗಾಲಯಗಳು ಸೇರಿ ಇದನ್ನು ಮಾಡುತ್ತವೆ. ಮೊದಲು ನೆಲದ ಮೇಲೆ ಹೊಂಡದಲ್ಲಿ ಬಾಂಬು ಬೀಳಿಸಿ, ಆಮೇಲೆ ಪೊಳ್ಳು ಬಾಂಬು ಹೊತ್ತು ಹಾರಿ, ಕೊನೆಗೆ ನಿಜವಾದದ್ದು. 2007ರ ಅಕ್ಟೋಬರ್ 25ರಂದು ಗೋವಾ ಕರಾವಳಿಯಲ್ಲಿ ತೇಜಸ್ ತನ್ನ ಮೊದಲ ಕ್ಷಿಪಣಿ ಆರ್-73 ಹಾರಿಸಿತು. 2021ರ ಜನವರಿಯಲ್ಲಿ ಎಚ್‌ಎಎಲ್‌ನ ಹಾಕ್-ಐ ವಿಮಾನ ಒಡಿಶಾ ಕರಾವಳಿಯಲ್ಲಿ ರನ್‌ವೇ ಒಡೆಯುವ ಸ್ವದೇಶಿ ಸ್ಮಾರ್ಟ್ ಬಾಂಬನ್ನು ಬಿಟ್ಟಿತು. 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿದ ಪ್ರಚಂಡ್ ಹೆಲಿಕಾಪ್ಟರಿನ ಮೂತಿಯಲ್ಲಿ ತಿರುಗುವ 20 ಮಿ.ಮೀ. ಗನ್, ಬದಿಗಳಲ್ಲಿ 70 ಮಿ.ಮೀ. ರಾಕೆಟ್‌ಗಳು, ಮಿಸ್ಟ್ರಾಲ್ ಕ್ಷಿಪಣಿಗಳು. ಪೈಲಟ್‌ನ ಹೆಲ್ಮೆಟ್ ತಿರುಗಿದತ್ತ ತಿರುಗುವ ಆ ಗನ್ನಿನ ಮೋಟಾರು, ಸೆನ್ಸರ್, ಕೇಬಲ್ಲುಗಳನ್ನು ನೋಡಿಕೊಳ್ಳುವವನು ಅರ್ಧ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಆಗಿರಲೇಬೇಕು.

ಸೇರುವ ದಾರಿ

ಹಿಂದೆ ಪಿಯುಸಿ ವಿಜ್ಞಾನ ಮುಗಿಸಿದವರು ಏರ್‌ಮನ್ ಆಗಿ ಸೇರಿ ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್ ಎಂದು ಏರುತ್ತ ಮಾಸ್ಟರ್ ವಾರಂಟ್ ಆಫೀಸರ್‌ವರೆಗೆ ಹೋಗಬಹುದಿತ್ತು. 2022ರಿಂದ ಅಗ್ನಿಪಥ ಯೋಜನೆಯಡಿ ‘ಅಗ್ನಿವೀರ್ ವಾಯು’ ಆಗಿ ನಾಲ್ಕು ವರ್ಷಕ್ಕೆ ಸೇರ್ಪಡೆ. ಅವರಲ್ಲಿ ಶೇ 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಗಣಿತ, ಭೌತಶಾಸ್ತ್ರ, ಇಂಗ್ಲಿಷ್‌ ಇರುವ ಪಿಯುಸಿಯಲ್ಲಿ ಶೇ 50 ಅಂಕ, ಇಲ್ಲವೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನಂತಹ ವಿಷಯದಲ್ಲಿ ಮೂರು ವರ್ಷದ ಡಿಪ್ಲೊಮಾ ವಿದ್ಯಾರ್ಹತೆಯ ಮುಖ್ಯ ದಾರಿಗಳು. ಆರಂಭಿಕ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ, 2023ರಿಂದ ಯುವತಿಯರೂ ಅಲ್ಲಿ ಕಲಿಯುತ್ತಿದ್ದಾರೆ. ಟ್ರೇಡ್ ತರಬೇತಿಗೆ ಜಾಲಹಳ್ಳಿ, ತಾಂಬರಂಗಳ ಸಂಸ್ಥೆಗಳಿವೆ. ತಾಂತ್ರಿಕ ಅಧಿಕಾರಿಗಳಿಗೆ ಜಾಲಹಳ್ಳಿಯಲ್ಲಿ 1949ರಿಂದ ವಾಯುಪಡೆಯ ತಾಂತ್ರಿಕ ಕಾಲೇಜಿದೆ.

ನಾಲ್ಕು ವರ್ಷದ ಅವಧಿಯ ಬಗ್ಗೆ ಈ ಲೇಖಕನಿಗೆ ಕಳವಳವಿದೆ. ಸ್ನ್ಯಾಗ್ ಹಿಡಿಯುವ ಕಿವಿ ಕಣ್ಣು ಬರುವುದು ಅಷ್ಟರಲ್ಲಿ ಆಗತಾನೇ. ಕಲಿತವರಲ್ಲಿ ಮುಕ್ಕಾಲು ಮಂದಿ ಹೊರಬರುವುದಾದರೆ, ಅವರ ಕಲಿಕೆಯನ್ನು ಮುಂದುವರಿಸುವ ಕಾರ್ಖಾನೆಗಳು ಅವರ ಊರ ಹತ್ತಿರ ಇರಬೇಕು. ಸ್ಫೋಟಕದ ಶಿಸ್ತು, ಟಾರ್ಕ್ ರೆಂಚ್ ಹಿಡಿಯುವ ಅಭ್ಯಾಸ, ಬರೆದು ಸಹಿ ಹಾಕುವ ಗುಣ ಯಾವ ಕಾರ್ಖಾನೆಗೂ ಬೇಕಾದವು.

ಕೋಲಾರ ಸೀಮೆ ಇಂದು

ಈ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳ ಸ್ಥಿತಿ ಒಂದೇ ಥರ ಇಲ್ಲ. ಮಾಲೂರಿನಿಂದ ಬೆಂಗಳೂರಿಗೆ ದಿನವೂ ರೈಲು ಹತ್ತಿ ಕೆಲಸಕ್ಕೆ ಹೋಗಿಬರಬಹುದು. ಹೆಂಚು ಇಟ್ಟಿಗೆಗೆ ಹೆಸರಾದ ಊರಿನ ಸುತ್ತ ಈಗ ಕಾರ್ಖಾನೆಗಳು ತುಂಬಿವೆ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಬೈಕು, ಫೋನು ತಯಾರಾಗುತ್ತವೆ. ಆಂಧ್ರದ ಗಡಿಗೆ ಹತ್ತಿದ ಮುಳಬಾಗಿಲು, ಮಾವಿನ ಶ್ರೀನಿವಾಸಪುರಗಳಿಂದ ಬೆಂಗಳೂರು ದೂರ. ಅಲ್ಲಿನ ಹುಡುಗರಿಗೆ ಹೊರಟರೆ ಹಾಸ್ಟೆಲೇ ಗತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರಿಗೆ ವಾಯುಪಡೆಯ ಪ್ರವೇಶ ಪರೀಕ್ಷೆಯಲ್ಲಿ ಅಡ್ಡಿಯಾಗಬಹುದಾದದ್ದು ಬುದ್ಧಿಯಲ್ಲ, ಇಂಗ್ಲಿಷ್ ಮತ್ತು ಸರಿಯಾದ ಮಾಹಿತಿ. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಪಿಯುಸಿ ಮೂಲಕ ಈ ಕೆಲಸಕ್ಕೆ ಸೇರುವ ದಾರಿ ಮುಚ್ಚುತ್ತದೆ ಎಂಬುದನ್ನು ಹತ್ತನೆಯ ತರಗತಿಯಲ್ಲೇ ಯಾರಾದರೂ ಹೇಳಬೇಕು.

ಜಿಲ್ಲೆಯ ಕೆಜಿಎಫ್‌ನಲ್ಲಿ ನೆಲೆಯೂರಿರುವ, 1964ರಲ್ಲಿ ಹುಟ್ಟಿದ ಬಿಇಎಂಎಲ್ ಸಂಸ್ಥೆಯ ರಕ್ಷಣಾ ಉತ್ಪನ್ನಗಳಲ್ಲಿ ವಿಮಾನ ಎಳೆಯುವ ಟ್ರ್ಯಾಕ್ಟರ್ ಮತ್ತು ವಿಮಾನಕ್ಕೆ ಶಸ್ತ್ರ ತುಂಬುವ ಟ್ರಾಲಿಗಳೂ ಸೇರಿವೆ. ವೇಮಗಲ್‌ನಲ್ಲಿ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಘಟಕವಿದೆ. 2024ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದ ಟಿಸ್ಯಾಟ್-1ಎ ಉಪಗ್ರಹ ಜೋಡಣೆಯಾದದ್ದು ಅಲ್ಲಿ. ಏರ್‌ಬಸ್‌ನ ಎಚ್125 ಹೆಲಿಕಾಪ್ಟರಿನ ಭಾರತದ ಅಂತಿಮ ಜೋಡಣಾ ಸಾಲಿಗೂ ಆಯ್ಕೆಯಾಗಿರುವುದು ವೇಮಗಲ್. ಈ ಜಾತಿಯ ಹೆಲಿಕಾಪ್ಟರ್ 2005ರ ಮೇ ತಿಂಗಳಲ್ಲಿ ಎವರೆಸ್ಟ್ ಶಿಖರದ ಮೇಲೆ ಇಳಿದು ದಾಖಲೆ ಮಾಡಿತ್ತು. ಹಿಮಾಲಯದ ಎತ್ತರದಲ್ಲಿ ದುಡಿಯುವ ಸೇನೆಯ ಅಗತ್ಯಕ್ಕೆ ಇದರ ಸೈನಿಕ ಮಾದರಿ ಎಚ್125ಎಂ ಅನ್ನೂ ಇಲ್ಲೇ ತಯಾರಿಸುವ ಉದ್ದೇಶವನ್ನು ಎರಡೂ ಕಂಪನಿಗಳು ಹೇಳಿವೆ. ಸೈನಿಕ ಮಾದರಿ ಎಂದಮೇಲೆ ಶಸ್ತ್ರದ ತಂತಿ, ಕನೆಕ್ಟರ್, ಪರೀಕ್ಷೆಯ ಕೆಲಸಗಳೂ ಜೊತೆಗೇ ಬರುತ್ತವೆ. ಅದಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಫಿಟರ್ ಪಾಠಗಳಿಗೆ ವಿಮಾನ ಕೇಬಲ್ ಹೊಲಿಯುವ, ಕನೆಕ್ಟರ್ ಪಿನ್ ಒತ್ತುವ, ದಾಖಲೆ ಬರೆಯುವ ಅಭ್ಯಾಸಗಳನ್ನು ಸೇರಿಸುವುದು ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಈಗಲೇ ಆಗಬಹುದಾದ ಕೆಲಸ.